‘ಚಾಳೀಸು’ ಎಂಬ ಶಬ್ದದ ಪೂರ್ವೋತ್ತರ

ಮನುಷ್ಯನು ನಿತ್ಯವೂ ಮೂಗಿನ ಮೇಲೆ ಹೊತ್ತು ತಿರುಗುವ ವಸ್ತುವಿನ ಹೆಸರನ್ನು ವಿಚಾರಿಸುವುದು ಅಪರೂಪ. ಇಳಕಲ್ಲು, ಹುನಗುಂದ, ಬಾದಾಮಿಗಳ ಸೀಮೆಯಲ್ಲಿ ಹಿರಿಯರು ಕನ್ನಡಕಕ್ಕೆ ‘ಚಾಳೀಸು’ ಎನ್ನುತ್ತಿದ್ದರು. ಮರಾಠಿಯ ‘ಚಾಳಿಶೀ’ ಇದರ ಸೋದರಶಬ್ದ. ಎರಡಕ್ಕೂ ಮೂಲವು ನಾಲ್ವತ್ತೆಂಬ ಸಂಖ್ಯೆ. ವಯಸ್ಸು ನಾಲ್ವತ್ತನ್ನು ಮುಟ್ಟಿತೆಂದರೆ ಕೈಯಲ್ಲಿನ ಪುಸ್ತಕವು ದೂರ ದೂರ ಸರಿಯತೊಡಗುವುದಷ್ಟೆ! ತೆಲುಗರು ಈ ಮಂದದೃಷ್ಟಿಯನ್ನು ‘ಚತ್ವಾರ’ವೆಂದರು, ಅಲ್ಲಿಯೂ ನಾಲ್ವತ್ತೇ. ತಮಿಳರು ‘ವೆಳ್ಳೆಳುತ್ತು’, ಅಂದರೆ ಬೆಳ್ಳಗಾದ ಅಕ್ಷರ, ಎಂದರು. ಕಣ್ಣಿನೊಳಗಣ ಮಸೂರವು ಕಾಲಕ್ರಮದಲ್ಲಿ ಬಿರುಸಾಗಿ, ಸಮೀಪದ ವಸ್ತುವಿಗೆ ತಕ್ಕಂತೆ ಬಾಗುವ ಶಕ್ತಿಯನ್ನು ಕಳೆದುಕೊಳ್ಳುವುದೇ ಇದರ ಕಾರಣ. ಇದು ರೋಗವಲ್ಲ, ವಯೋಧರ್ಮ. ಆ ತಿಳಿವಳಿಕೆಯು ಹೆಸರಿನಲ್ಲಿಯೇ ಅಡಗಿತ್ತೆಂಬುದು ಗಮನಾರ್ಹ.

ಉಳಿದ ಹೆಸರುಗಳೂ ಸ್ವಾರಸ್ಯವಿಲ್ಲದವಲ್ಲ. ‘ಚಷ್ಮಾ’ ಶಬ್ದವು ಕಣ್ಣೆಂಬ ಅರ್ಥದ ಪಾರಸಿಯ ‘ಚಶ್ಮ್’ನಿಂದ ಬಂದುದು, ‘ಐನಕ್’ನ ಹಿಂದೆ ಅದೇ ಅರ್ಥದ ಅರಬಿಯ ‘ಐನ್’ ಇದೆ. ಆದಿಲಶಾಹಿಯೂ ಪೇಶವಾಯಿಯೂ ಆಳಿದ ನಾಡಿನಲ್ಲಿ ಇಂತಹ ಮಾತುಗಳು ಬೇರೂರಿದುದು ಆಶ್ಚರ್ಯವಲ್ಲ. ಸಂಸ್ಕೃತಜ್ಞರು ‘ಸುಲೋಚನ’, ‘ಉಪನೇತ್ರ’ ಎಂದು ಗೌರವದಿಂದ ಕರೆದರು. ‘ಕನ್ನಡಕ’ವಾದರೋ ಕನ್ನಡಿಯ ಮನೆತನದ ಅಚ್ಚ ದೇಶೀಯ ಪದ.

ಗಾಜಿನ ಬಿಲ್ಲೆಗೆ ‘ಮಸೂರ’ವೆಂಬ ಹೆಸರು ಬಂದುದು ಅಡಿಗೆಮನೆಯಿಂದ. ಮಸೂರವೆಂದರೆ ಚೆನ್ನಂಗಿ ಬೇಳೆ. ಲ್ಯಾಟಿನಿನ ‘ಲೆನ್ಸ್’ ಶಬ್ದಕ್ಕೂ ಅದೇ ಅರ್ಥ. ಎರಡೂ ಬದಿ ಉಬ್ಬಿದ ಆಕಾರಸಾಮ್ಯವೇ ಕಾರಣ. ಜರ್ಮನರು ಕನ್ನಡಕಕ್ಕೆ ‘ಬ್ರಿಲ್ಲೆ’ ಎನ್ನುವರು. ಅದು ‘ಬೆರಿಲ್’ ರತ್ನದ ಹೆಸರಿನಿಂದ ಹುಟ್ಟಿತು. ಆ ಹೆಸರಾದರೋ ಗ್ರೀಕರ ಮೂಲಕ ಪ್ರಾಕೃತದ ‘ವೇಲುರಿಯ’ಕ್ಕೆ, ಅಂದರೆ ನಮ್ಮ ವೈಡೂರ್ಯಕ್ಕೆ, ಸಂಬಂಧಿಸಿದುದು. ಹೀಗೆ ಭಾರತದ ರತ್ನವೊಂದು ಜರ್ಮನರ ಮೂಗನ್ನೇರಿ ಕುಳಿತಿದೆ.

ವ್ಯಾಪಾರಿಗಳ ‘ನಂಬರು’ ಇನ್ನೊಂದು ವಿಚಿತ್ರ. ಪೂರ್ವದಲ್ಲಿ ಮಸೂರದ ಬಲವನ್ನು ಅದು ಬೆಳಕನ್ನು ಕೂಡಿಸುವ ದೂರದಿಂದ, ಅಂಗುಲಗಳಲ್ಲಿ, ಹೇಳುತ್ತಿದ್ದರು. ಆದುದರಿಂದ ನಂಬರು ಇಳಿದಷ್ಟೂ ಗಾಜಿನ ಬಲ ಏರುತ್ತಿತ್ತು. 1872ರಲ್ಲಿ ಫ್ರಾನ್ಸಿನ ಮೊನೊಯೆ ಎಂಬ ನೇತ್ರವೈದ್ಯನು ‘ಡಯಾಪ್ಟರ್’ ಮಾನವನ್ನು ಸೂಚಿಸಿದ ಮೇಲೆ ಲೆಕ್ಕವು ತಲೆಕೆಳಗಾಗಿ, ನಂಬರು ಏರಿದಂತೆ ಬಲವೂ ಏರತೊಡಗಿತು. ಸುಮಾರು ನಾಲ್ವತ್ತು ಅಂಗುಲದ ಗಾಜು ಹೊಸ ಮಾನದಲ್ಲಿ ಒಂದು ಡಯಾಪ್ಟರ್ ಆಗುವುದು. ನಾಲ್ವತ್ತು ದಾಟಿದವರಿಗೆ ಮೊದಲು ಕೊಡುವ ಗಾಜೂ ಬಹುಮಟ್ಟಿಗೆ ಅದರ ಆಸುಪಾಸಿನದೇ. ಇದು ಕಾಕತಾಳೀಯವೇ ಸರಿ. ಆದರೂ ‘ಚಾಳೀಸು’ ಎಂಬ ಹೆಸರಿಗೆ ಎರಡನೆಯ ಸಾಕ್ಷಿಯೊಂದು ದೊರೆತಂತಾಯಿತು.

ಕನ್ನಡಕವು 13ನೆಯ ಶತಮಾನದ ಕೊನೆಯಲ್ಲಿ ಇಟಲಿಯಲ್ಲಿ ಹುಟ್ಟಿತು. ಕರ್ನಾಟಕದಲ್ಲಿ ಅದರ ಹಳೆಯ ಸುಳಿವು ವಿಜಯನಗರದ್ದು. ಸೋಮನಾಥಕವಿಯ ‘ವ್ಯಾಸಯೋಗಿಚರಿತ’ವೆಂಬ ಸಂಸ್ಕೃತ ಚಂಪೂಗ್ರಂಥದಲ್ಲಿ, ವೃದ್ಧರಾದ ವ್ಯಾಸರಾಯರು ‘ಉಪಲೋಚನಗೋಲಕ’ದ ಸಹಾಯದಿಂದ ಪುಸ್ತಕವನ್ನು ನೋಡಿದ ಪ್ರಸ್ತಾಪವುಂಟು. ಪುಣೆಯ ಪಂಡಿತ ಪಿ. ಕೆ. ಗೋಡೆಯವರು ಇದನ್ನು ಸುಮಾರು 1520ರ ಸಂಗತಿಯೆಂದು ಎಣಿಸಿ ವಿದ್ವಾಂಸರ ಗಮನಕ್ಕೆ ತಂದರು. ಆಗ ಗೋವೆಯಲ್ಲಿದ್ದ ಪೋರ್ತುಗೀಸರಿಗೂ ಕೃಷ್ಣದೇವರಾಯನ ರಾಜಧಾನಿಗೂ ವ್ಯಾಪಾರ ನಡೆದಿದ್ದುದರಿಂದ, ಆ ವಸ್ತುವು ಸಮುದ್ರಮಾರ್ಗವಾಗಿ ಬಂದಿರುವುದು ಸಂಭವನೀಯ. ಹೊಸ ವಸ್ತುವಿಗೆ ಕವಿಯು ಹೊಸ ಪದವನ್ನೇ ಕಟ್ಟಿದನು.

ಆದರೆ ಈ ಗಾಜಿನ ಬೆಲೆ ಪಂಡಿತನಿಗಿಂತ ನೇಕಾರನಿಗೆ ಹೆಚ್ಚು. ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ರೇಶಿಮೆಯ ಹಾಸನ್ನೂ ಬೇರೆ ಬೇರೆ ಅಣಿಗೊಳಿಸಿ, ಎಳೆಗೆ ಎಳೆಯನ್ನು ಸಿಕ್ಕಿಸಿ ‘ಕೊಂಡಿ’ ಹಾಕಬೇಕು. ಟೋಪ ತೆನಿಯ ಸೆರಗು ಕೂಡುವುದು ಹೀಗೆ. ಕೈ ಪಳಗಿ ನಿಪುಣತೆ ತುಂಬುವ ವಯಸ್ಸಿಗೇ ಕಣ್ಣು ಕೈಕೊಡುವುದು! ಆಗ ಚಾಳೀಸು ದೊರೆಯದಿದ್ದರೆ ಕುಗ್ಗುವುದು ಓದಿನ ಸುಖವಲ್ಲ, ಮನೆಯ ಅನ್ನ. 2018ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಈ ಮಾತನ್ನು ಅಂಕಿಗಳಿಂದ ಸ್ಥಾಪಿಸಿತು. ಅಸ್ಸಾಮಿನ ಚಹಾತೋಟಗಳಲ್ಲಿ ನಾಲ್ವತ್ತು ಮೀರಿದ 751 ಕೂಲಿಕಾರರಲ್ಲಿ ಅರ್ಧದಷ್ಟು ಜನರಿಗೆ ಕನ್ನಡಕವನ್ನು ಕೊಡಲು, ಉಳಿದವರಿಗಿಂತ ಅವರ ದುಡಿಮೆಯು ಶೇಕಡಾ 21.7ರಷ್ಟು ಹೆಚ್ಚಿತು. ಚಹಾ ಚಿಗುರನ್ನು ಕೀಳುವುದಕ್ಕೇ ಇಷ್ಟಾದರೆ ಎಳೆಗೆ ಎಳೆ ಜೋಡಿಸುವ ಕೆಲಸಕ್ಕೆ ಎಷ್ಟಾಗಬೇಕೆಂಬುದನ್ನು ವಾಚಕರೇ ಊಹಿಸಬಹುದು.

‘ನಂಬರು ಬಂದಿದೆ’ ಎಂದು ಹೇಳಿಕೊಳ್ಳುವಾಗ ದೋಷವೊಂದು ತಗುಲಿದಂತೆ ಸಂಕೋಚವಾಗುವುದುಂಟು. ‘ಚಾಳೀಸು ಬಂತು’ ಎಂಬ ಮಾತಿನಲ್ಲಿ ಆ ಸಂಕೋಚವಿಲ್ಲ. ನರೆಗೂದಲಿನಂತೆ ಇದೂ ಎಲ್ಲರಿಗೂ ಬರುವುದೆಂಬ ಸಮಾಧಾನವಿದೆ. ಮಗ್ಗದ ಮುಂದೆ ಕಣ್ಣು ಕಿರಿದುಮಾಡಿ ಕುಳಿತ ಹಿರಿಯರಿರುವ ಮನೆಯವರು ಆ ಹಳೆಯ ಮಾತನ್ನು ನೆನೆದು, ಸಕಾಲದಲ್ಲಿ ಒಂದು ಜೊತೆ ಗಾಜನ್ನು ತಂದುಕೊಡುವುದು ಲೇಸು.