ಖಾಲಿ ಸಿಲಿಂಡರ್ ಯಾರದು? ಮನೆ-ಸೋಡಾ ಯಂತ್ರದ ವ್ಯಾಪಾರನೀತಿ ಕುರಿತು

ಮನೆಯಲ್ಲೇ ಸೋಡಾ ಮಾಡಿಕೊಳ್ಳುವ ಯಂತ್ರದ ಕಂಪನಿ ನಿಜವಾಗಿ ಮಾರುವುದು ಏನನ್ನು? ಸೋಡಾಸ್ಟ್ರೀಮ್ ಕುರಿತ ಚರ್ಚೆ ಸಾಮಾನ್ಯವಾಗಿ ಯಂತ್ರದ ಅಂದ, ಜಾಹೀರಾತು, ಕೋಕ್-ಪೆಪ್ಸಿಗಳ ಜತೆಗಿನ ಜಟಾಪಟಿ ಇವುಗಳ ಸುತ್ತ ಸುಳಿಯುತ್ತದೆ. ಕಂಪನಿಯ ಬಲ ಇದ್ದದ್ದು ಯಂತ್ರದ ಬೆನ್ನಿನೊಳಗೆ ಕಾಣದಂತೆ ಕೂತ ಗ್ಯಾಸ್ ಸಿಲಿಂಡರಿನಲ್ಲಿ, ಅದರಲ್ಲೂ ಅದು ಖಾಲಿಯಾದ ಮೇಲೆ ಎಲ್ಲಿಗೆ ಹೋಗಬೇಕೆಂಬ ಕಟ್ಟಳೆಯಲ್ಲಿ ಎಂಬುದು ಈ ಲೇಖನದ ವಾದ.

ಈ ಯಂತ್ರದ ಮೂಲರೂಪ 1903ರದು. ಲಂಡನ್ನಿನ ಜಿನ್ ತಯಾರಕ ಮನೆತನದ ಗೈ ಗಿಲ್ಬಿ ಅದನ್ನು ಸಿರಿವಂತರ ಮನೆಗಳಿಗಾಗಿ ರೂಪಿಸಿದ. 1985ರಲ್ಲಿ ಸಂಸ್ಥೆ ಕ್ಯಾಡ್‌ಬರಿ ಶ್ವೆಪ್ಸ್ ಕೈಸೇರಿತು. 1998ರಲ್ಲಿ ಇಸ್ರೇಲಿನ ಸೋಡಾ-ಕ್ಲಬ್ ಅದನ್ನು ಕೊಂಡಿತು. ಸಿಲಿಂಡರನ್ನು ಮಾರದೆ ಬಾಡಿಗೆಗೆ ಕೊಡುವ ಪದ್ಧತಿಯನ್ನು ಗಟ್ಟಿಗೊಳಿಸಿದ್ದು ಈ ಸೋಡಾ-ಕ್ಲಬ್.

ಅಡುಗೆ ಗ್ಯಾಸ್ ತರಿಸುವ ನಮಗೆ ಈ ಲೆಕ್ಕ ಹೊಸದಲ್ಲ. ಠೇವಣಿ ಕಟ್ಟಿ ಸಿಲಿಂಡರ್ ಪಡೆಯುತ್ತೇವೆ, ಖಾಲಿಯಾದದ್ದನ್ನು ಕೊಟ್ಟು ತುಂಬಿದ್ದನ್ನು ಇಳಿಸಿಕೊಳ್ಳುತ್ತೇವೆ. ಪಾತ್ರೆ ಕೊನೆಯವರೆಗೂ ಕಂಪನಿಯದೇ. ಸೋಡಾ ಯಂತ್ರದ ಸಿಲಿಂಡರಿನಲ್ಲಿ ಸುಮಾರು 410 ಗ್ರಾಂ ಇಂಗಾಲದ ಡೈಆಕ್ಸೈಡ್ ಒತ್ತಡದಲ್ಲಿರುತ್ತದೆ. ಕಂಪನಿಯ ಲೆಕ್ಕದಲ್ಲಿ ಅದರಿಂದ 60 ಲೀಟರ್‌ವರೆಗೆ ಸೋಡಾ ಆಗುತ್ತದೆ. ಒತ್ತಡದ ಅನಿಲವಾದ್ದರಿಂದ ಸಾಗಣೆ ನಿಯಮಗಳಲ್ಲಿ ಅದು ಅಪಾಯಕಾರಿ ಸರಕು. ಹಾಗಾಗಿ ಊರೂರಿನ ಅಂಗಡಿಗಳಲ್ಲಿ ಖಾಲಿಯನ್ನು ಪಡೆದು ತುಂಬಿದ್ದನ್ನು ಕೊಡುವ ಜಾಲವನ್ನು ಮೊದಲು ಕಟ್ಟಿದವನ ಜತೆ ಪೈಪೋಟಿಗಿಳಿಯುವುದು ಕಷ್ಟ. ಯಂತ್ರವನ್ನು ಯಾರು ಬೇಕಾದರೂ ನಕಲು ಮಾಡಬಹುದು, ಜಾಲವನ್ನಲ್ಲ.

ಈ ವ್ಯಾಪಾರನೀತಿಯ ಹಳೆಯ ರೂಪವೊಂದು ನಮ್ಮ ಗೋಲಿ ಸೋಡಾದಲ್ಲೇ ಇದೆ. 1872ರಲ್ಲಿ ಆ ಬಾಟಲಿಗೆ ಪೇಟೆಂಟ್ ಪಡೆದ ಇಂಗ್ಲೆಂಡಿನ ಹೈರಮ್ ಕಾಡ್, ಬಾಟಲಿಯನ್ನು ಯಾವ ಗಾಜಿನ ಕಾರ್ಖಾನೆಯಿಂದ ಬೇಕಾದರೂ ಮಾಡಿಸಿಕೊಳ್ಳಿ ಎಂದು ಸೋಡಾ ತಯಾರಕರಿಗೆ ಬಿಟ್ಟುಕೊಟ್ಟ. ಗೋಲಿ ಮತ್ತು ರಬ್ಬರ್ ಉಂಗುರವನ್ನು ಮಾತ್ರ ತನ್ನಿಂದಲೇ ಕೊಳ್ಳಬೇಕೆಂದ. ದೊಡ್ಡದನ್ನು ಸಡಿಲಬಿಟ್ಟು ಸಣ್ಣದನ್ನು ಬಿಗಿಹಿಡಿಯುವ ಈ ಜಾಣತನ ಜಿಲೆಟ್ ರೇಜರ್‌ಗಿಂತ ಹಿಂದಿನದು. ವಾಣಿಜ್ಯಶಾಸ್ತ್ರದ ಪಾಠಗಳು ರೇಜರಿನ ಉದಾಹರಣೆಯಲ್ಲೇ ನಿಂತುಬಿಡುವುದು ನನಗೆ ಕೊರತೆಯಾಗಿ ಕಾಣುತ್ತದೆ.

ಸಿಲಿಂಡರೇ ತಿರುಳು ಎಂಬುದಕ್ಕೆ ಎರಡು ಸಾಕ್ಷ್ಯಗಳಿವೆ. ಅಮೆರಿಕದ ಕ್ಯೂರಿಗ್ 2015ರಲ್ಲಿ ‘ಕೋಲ್ಡ್’ ಎಂಬ ಯಂತ್ರ ತಂದಿತು. ಸಿಲಿಂಡರಿನ ಗೊಡವೆಯೇ ಬೇಡವೆಂದು ಅನಿಲ ಹೀರಿದ ಮಣಿಗಳನ್ನು ಪಾನೀಯದ ಪುಟ್ಟ ಡಬ್ಬಿಯಲ್ಲೇ ತುಂಬಿತು. ಯಂತ್ರದ ಬೆಲೆ 369 ಡಾಲರ್‌ನಿಂದ ಶುರು, ಪ್ರತಿ ಲೋಟಕ್ಕೂ ಒಂದು ಡಾಲರಿಗಿಂತ ಹೆಚ್ಚು ಖರ್ಚು. ಕೋಕಾ-ಕೋಲಾದ ಬೆಂಬಲವಿದ್ದೂ 2016ರ ಜೂನ್‌ನಲ್ಲಿ ಅದನ್ನು ಕೈಬಿಡಲಾಯಿತು. ಎರಡನೆಯದು ಸೋಡಾಸ್ಟ್ರೀಮಿನ ಒಳಗಿನದೇ. ಅಮೆರಿಕದಲ್ಲಿ ಸಿಹಿ ಪಾಕಗಳ ಮಾರಾಟ ಕುಸಿದು, ಕಂಪನಿಯ ಆದಾಯ 2013ರ 56.27 ಕೋಟಿ ಡಾಲರ್‌ನಿಂದ 2015ರಲ್ಲಿ 41.31 ಕೋಟಿಗೆ ಇಳಿಯಿತು. ಆಗ ಅದು ಕೋಲಾದ ಬದಲಿ ಎಂಬ ಹಳೆಯ ಮಾತನ್ನು ಬಿಟ್ಟು ಬರಿಯ ಬುರುಗುನೀರಿನತ್ತ ಹೊರಳಿತು. 2017ರ ಹೊತ್ತಿಗೆ ಆದಾಯ 54 ಕೋಟಿ ದಾಟಿತ್ತು. ಪಾಕ ಹಿಂದೆ ಸರಿದರೂ ಅನಿಲ ಬೇಕೇ ಬೇಕಿತ್ತು. 2018ರಲ್ಲಿ ಪೆಪ್ಸಿಕೋ 320 ಕೋಟಿ ಡಾಲರಿಗೆ ಕೊಂಡದ್ದು ಈ ಕಂಪನಿಯನ್ನು.

ಈ ನಡುವೆ ಕಾರ್ಖಾನೆಯ ಪ್ರಶ್ನೆಯೂ ಬಂತು. ಆಕ್ರಮಿತ ಪಶ್ಚಿಮ ದಂಡೆಯ ಮಿಶೋರ್ ಅದುಮಿಮ್‌ನಲ್ಲಿದ್ದ ಘಟಕದ ವಿರುದ್ಧ ಬಹಿಷ್ಕಾರ ಚಳವಳಿ ಬಲಗೊಂಡಿತ್ತು. 2015ರಲ್ಲಿ ಘಟಕ ನೆಗೆವ್ ಮರುಭೂಮಿಗೆ ಸ್ಥಳಾಂತರವಾದಾಗ ಸುಮಾರು 500 ಪ್ಯಾಲೆಸ್ತೀನಿ ಕೆಲಸಗಾರರು ಉದ್ಯೋಗ ಕಳೆದುಕೊಂಡರು. ಇದನ್ನು ಬ್ರ್ಯಾಂಡಿನ ವರ್ಚಸ್ಸಿನ ಸಮಸ್ಯೆಯೆಂದಷ್ಟೇ ಅಳೆದರೆ ಆ ಮನೆಗಳ ಸಂಬಳ ಲೆಕ್ಕದಿಂದ ಬಿಟ್ಟುಹೋಗುತ್ತದೆ.

ಜರ್ಮನಿಯಲ್ಲಿ ಸಿಲಿಂಡರಿನ ಒಡೆತನವೇ ನ್ಯಾಯಾಲಯದ ಮೆಟ್ಟಿಲೇರಿತು. ಪಾತ್ರೆ ನಮ್ಮದು, ಬೇರೆಯವರು ಅನಿಲ ತುಂಬುವಂತಿಲ್ಲ ಎಂಬುದು ಸೋಡಾ-ಕ್ಲಬ್ಬಿನ ಪಟ್ಟು. ಮಾರುಕಟ್ಟೆಯ ಮೇಲಿನ ಹಿಡಿತದ ದುರುಪಯೋಗವಿದು ಎಂದು 2006ರಲ್ಲಿ ಅಲ್ಲಿನ ಸ್ಪರ್ಧಾ ಪ್ರಾಧಿಕಾರ ಹೇಳಿತು. 2008ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಒಡೆತನ ಕಂಪನಿಯದೇ ಆಗಿದ್ದರೂ ಎಲ್ಲಿ ತುಂಬಿಸಬೇಕೆಂಬ ಆಯ್ಕೆ ಬಳಕೆದಾರನದು. ಇದು ಸರಿಯಾದ ತೀರ್ಪೆಂದು ನಾನು ನಂಬುತ್ತೇನೆ. ಫಿನ್ಲೆಂಡಿನ ಮೈಸೋಡಾ, ಸೋಡಾಸ್ಟ್ರೀಮ್ ಸಿಲಿಂಡರುಗಳಿಗೆ ಅನಿಲ ತುಂಬಿ ತನ್ನ ಚೀಟಿ ಅಂಟಿಸಿ ಮಾರಿದಾಗ ವಿವಾದ ಟ್ರೇಡ್‌ಮಾರ್ಕಿಗೆ ತಿರುಗಿತು. ಎರಡು ಕಂಪನಿಗಳ ನಡುವೆ ನಂಟಿದೆಯೆಂಬ ತಪ್ಪು ಭಾವನೆಯನ್ನು ಆ ಚೀಟಿ ಹುಟ್ಟಿಸಿದರೆ ಮೂಲ ಕಂಪನಿ ಆಕ್ಷೇಪಿಸಬಹುದೆಂದು ಐರೋಪ್ಯ ನ್ಯಾಯಾಲಯ 2022ರ ಅಕ್ಟೋಬರ್‌ನಲ್ಲಿ ಹೇಳಿತು.

ಈಚಿನ ವರ್ಷಗಳಲ್ಲಿ ಕಂಪನಿ ಗುಲಾಬಿ ಬಣ್ಣದ ಹೊಸ ಸಿಲಿಂಡರ್ ತಂದಿದೆ. ತಿರುಪಿನ ರಗಳೆಯಿಲ್ಲ, ಒಂದೇ ಒತ್ತಿಗೆ ಕೂರುತ್ತದೆ, ಬಳಸುವವರಿಗೆ ಅನುಕೂಲವೇ. ಆದರೆ ಹಳೆಯ ತಿರುಪಿನ ನೀಲಿ ಸಿಲಿಂಡರ್ ಈ ಗುಲಾಬಿ ಸಿಲಿಂಡರಿಗೆಂದು ಮಾಡಿದ ಯಂತ್ರಕ್ಕೆ ಕೂರುವುದಿಲ್ಲ. ನೀಲಿಯನ್ನೇ ತುಂಬಿ ಮಾರುತ್ತಿದ್ದ ಸಣ್ಣ ವ್ಯಾಪಾರಿ ಈಗ ಹೊಸ ಕವಾಟಕ್ಕೆ ಹೊಸ ಸಲಕರಣೆ ಹೊಂದಿಸಿಕೊಳ್ಳಬೇಕು.