ಎರಡು ಜನತಾ ಕಾರುಗಳು

1930ರ ದಶಕದ ಯೂರೋಪಿನಲ್ಲಿ ಕಾರು ಬಹುಮಟ್ಟಿಗೆ ಉಳ್ಳವರ ಸೊತ್ತಾಗಿತ್ತು. ಅದು ಸಾಮಾನ್ಯರ ಕೈಗೂ ಎಟುಕಬೇಕೆಂಬ ಯೋಚನೆ ಆ ದಶಕದಲ್ಲೇ ಎರಡು ನೆರೆ ದೇಶಗಳಲ್ಲಿ ರೂಪ ತಳೆಯಿತು. ಜರ್ಮನಿಯದು ಫೋಕ್ಸ್‌ವ್ಯಾಗನ್ ಬೀಟಲ್. ಫ್ರಾನ್ಸಿನದು ಸಿಟ್ರೋಯೆನ್ 2 ಸಿ.ವಿ.

ಎರಡರ ಎಂಜಿನ್ನನ್ನೂ ತಣಿಸುವುದು ನೀರಲ್ಲ, ಗಾಳಿ. ಆದ್ದರಿಂದ ರೇಡಿಯೇಟರ್ ಬೇಕಿಲ್ಲ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಎಂಜಿನ್ ಬಿರಿಯುವ ಭಯವೂ ಇಲ್ಲ. ಬೀಟಲ್‌ನ ನಾಲ್ಕು ಸಿಲಿಂಡರುಗಳ ಎಂಜಿನ್ ಹಿಂಬದಿಯಲ್ಲಿತ್ತು, 2 ಸಿ.ವಿ.ಯ ಎರಡು ಸಿಲಿಂಡರುಗಳದು ಮುಂಬದಿಯಲ್ಲಿ. ವಿಜ್ಞಾನದ ದೃಷ್ಟಿಯಿಂದ ಇವು ಹತ್ತಿರದ ನೆಂಟರು. ಚರಿತ್ರೆಯಲ್ಲಿ ಹಾಗಲ್ಲ.

ಹಿಟ್ಲರನ ಇಚ್ಛೆಯಂತೆ ಬೀಟಲ್‌ನ ವಿನ್ಯಾಸವನ್ನು 1934ರಲ್ಲಿ ಫರ್ಡಿನಾಂಡ್ ಪೋರ್ಷೆಗೆ ಒಪ್ಪಿಸಲಾಯಿತು. ಬೆಲೆ 990 ಮಾರ್ಕ್. ವಾರಕ್ಕೆ 5 ಮಾರ್ಕಿನ ಚೀಟಿ ಕೊಂಡು ಪುಸ್ತಕದಲ್ಲಿ ಅಂಟಿಸುತ್ತಾ ಹೋದರೆ ಕೊನೆಗೆ ಕಾರು ಸಿಗುವುದೆಂದು 1938ರಲ್ಲಿ ಸಾರಲಾಯಿತು. ಸುಮಾರು 3,36,000 ಮಂದಿ ಹಣ ಕಟ್ಟಿದರು. ಆದರೆ 1939ರಲ್ಲಿ ಯುದ್ಧ ಆರಂಭವಾಯಿತು. ಕಾರ್ಖಾನೆ ಸೈನ್ಯಕ್ಕಾಗಿ ವಾಹನಗಳನ್ನು ತಯಾರಿಸಿತು. ಯುದ್ಧಕೈದಿಗಳನ್ನೂ ಆಕ್ರಮಿತ ದೇಶಗಳಿಂದ ಎಳೆತಂದವರನ್ನೂ ಅಲ್ಲಿ ಬಲವಂತವಾಗಿ ದುಡಿಸಲಾಯಿತು. ಚೀಟಿ ಅಂಟಿಸಿದವರಲ್ಲಿ ಒಬ್ಬರಿಗೂ ಆ ಯೋಜನೆಯಡಿ ಕಾರು ದೊರೆಯಲಿಲ್ಲ. ದೀರ್ಘ ವ್ಯಾಜ್ಯದ ಬಳಿಕ, 1961ರಲ್ಲಿ, ಅವರಿಗೆ ಹೊಸ ಕಾರಿನ ಬೆಲೆಯಲ್ಲಿ ರಿಯಾಯಿತಿ ಇಲ್ಲವೇ ಅಲ್ಪ ನಗದು ಕೊಡುವ ಒಪ್ಪಂದವಾಯಿತು.

ಸಿಟ್ರೋಯೆನ್‌ನ ಮುಖ್ಯಸ್ಥ ಪಿಯರ್ ಬುಲಾಂಜೆ ತನ್ನ ಎಂಜಿನಿಯರುಗಳ ಮುಂದಿಟ್ಟ ಬೇಡಿಕೆ ಬೇರೆ ಬಗೆಯದು. ಇಬ್ಬರು ರೈತರು, 50 ಕಿಲೋ ಆಲೂಗೆಡ್ಡೆ, ಗಂಟೆಗೆ 60 ಕಿ.ಮೀ. ವೇಗ, 100 ಕಿ.ಮೀ.ಗೆ 3 ಲೀಟರ್ ಪೆಟ್ರೋಲು. ಉತ್ತ ಹೊಲದಲ್ಲಿ ಸಾಗಿದರೂ ಬುಟ್ಟಿಯ ಮೊಟ್ಟೆ ಒಡೆಯಬಾರದು! 1940ರಲ್ಲಿ ಜರ್ಮನ್ ಸೈನ್ಯ ಫ್ರಾನ್ಸನ್ನು ಆಕ್ರಮಿಸಿದಾಗ, ಮಾದರಿ ಕಾರುಗಳು ಅದರ ಕೈಗೆ ಸಿಗದಂತೆ ಕೆಲವನ್ನು ಬಚ್ಚಿಟ್ಟು, ಹೆಚ್ಚಿನವನ್ನು ನಾಶಮಾಡಲಾಯಿತು. 1948ರ ಅಕ್ಟೋಬರಿನಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಕಾರು ಹೊರಬಂದಾಗ ಅದರ ಶಕ್ತಿ ಕೇವಲ 9 ಅಶ್ವಶಕ್ತಿ. ಪತ್ರಕರ್ತರು ನಕ್ಕರು. ಜನ ಮಾತ್ರ ವರ್ಷಗಟ್ಟಲೆ ಸರದಿಯಲ್ಲಿ ಕಾದರು. ಹಳ್ಳಿಗಾಡಿನ ವೈದ್ಯರು, ಪಶುವೈದ್ಯರಂಥವರಿಗೆ ಆದ್ಯತೆ ಸಿಕ್ಕಿತು.

ಸಂಖ್ಯೆಯಲ್ಲಿ ಗೆದ್ದದ್ದು ಬೀಟಲ್. ಯುದ್ಧ ಮುಗಿದ ಮೇಲೆ ಬ್ರಿಟಿಷ್ ಸೇನಾಧಿಕಾರಿ ಐವನ್ ಹರ್ಸ್ಟ್‌ನ ಉಸ್ತುವಾರಿಯಲ್ಲಿ ಕಾರ್ಖಾನೆ ಮತ್ತೆ ನಡೆಯಿತು. 2003ರಲ್ಲಿ ಮೆಕ್ಸಿಕೋದಲ್ಲಿ ಕೊನೆಯ ಬೀಟಲ್ ಸಿದ್ಧವಾಗುವಷ್ಟರಲ್ಲಿ ಒಟ್ಟು ಎರಡು ಕೋಟಿ ಹದಿನೈದು ಲಕ್ಷ ಕಾರುಗಳಾಗಿದ್ದವು. 1990ರಲ್ಲಿ ಪೋರ್ಚುಗಲ್‌ನಲ್ಲಿ ತಯಾರಿಕೆ ನಿಂತ 2 ಸಿ.ವಿ.ಯವು ಸುಮಾರು 38 ಲಕ್ಷ.

ಬೀಟಲ್ ಕೆಟ್ಟ ಯಂತ್ರವಾಗಿರಲಿಲ್ಲ. ಕೆಟ್ಟದ್ದು ಅದರ ಹೆಸರಿನಲ್ಲಿ ಕೊಟ್ಟ ಮಾತು. ‘ಫೋಕ್ಸ್‌ವ್ಯಾಗನ್’ ಎಂದರೆ ಜನರ ವಾಹನ. ಜನರ ಹೆಸರಿನಲ್ಲಿ ಯಾವುದೇ ಯೋಜನೆ ಸಾರಿದಾಗ ವಿದ್ಯಾರ್ಥಿಗಳು ಎರಡು ಪ್ರಶ್ನೆ ಕೇಳಬೇಕು: ಹಣ ಕೊಟ್ಟವರು ಯಾರು? ವಸ್ತು ಸೇರಿದ್ದು ಯಾರಿಗೆ?