ಸಣ್ಣ ಉದ್ದಿಮೆಗಳಿಗೆ ವೇತನ ಬಟವಡೆ ಸೇವಾ ಸಂಸ್ಥೆಯ ಆಯ್ಕೆ: ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳ ಉದ್ಯೋಗದಾತರ ಮಾಹಿತಿಗಾಗಿ

1. ಪೀಠಿಕೆ

ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳ ಹತ್ತಿ ಜಿನ್ನಿಂಗ್ ಘಟಕಗಳು, ಎಣ್ಣೆ ಹಾಗೂ ಬೇಳೆ ಗಿರಣಿಗಳು, ಕೈಮಗ್ಗ ಘಟಕಗಳು, ಅಡತಿ ಅಂಗಡಿಗಳು, ಖಾಸಗಿ ಶಾಲೆಗಳು ಮತ್ತು ಆಸ್ಪತ್ರೆಗಳಂತಹ ಸಣ್ಣ ಸಂಸ್ಥೆಗಳಲ್ಲಿ ವೇತನದ ಲೆಕ್ಕ ಬರೆಯಲು ಪ್ರತ್ಯೇಕ ಸಿಬ್ಬಂದಿ ಇರುವುದು ಅಪರೂಪ. ಆದ್ದರಿಂದ ಹಾಜರಿಯ ಆಧಾರದ ಮೇಲೆ ವೇತನ ಲೆಕ್ಕ ಹಾಕುವುದು, ಭವಿಷ್ಯ ನಿಧಿ, ಇಎಸ್‌ಐ ಹಾಗೂ ವೃತ್ತಿ ತೆರಿಗೆಯ ಕಡಿತ ಮತ್ತು ಪಾವತಿ, ವೇತನ ಚೀಟಿ ನೀಡಿಕೆ ಮುಂತಾದ ಕೆಲಸಗಳನ್ನು ಹೊರಗಿನ ಸಂಸ್ಥೆಗೆ ವಹಿಸಿಕೊಡುವ ಪದ್ಧತಿ ಬೆಳೆದಿದೆ. ಇಂತಹ ಸಂಸ್ಥೆಯನ್ನು ಆಯ್ಕೆ ಮಾಡುವ ಮುನ್ನ ಉದ್ಯೋಗದಾತರು ಗಮನಿಸಬೇಕಾದ ಅಂಶಗಳನ್ನು ಈ ಕೆಳಗೆ ವಿವರಿಸಲಾಗಿದೆ.

2. ಹೊಣೆಗಾರಿಕೆ ಯಾರದು?

ವೇತನ ಬಟವಡೆಯ ಕೆಲಸವನ್ನು ಬೇರೆಯವರಿಗೆ ವಹಿಸಬಹುದು; ಹೊಣೆಗಾರಿಕೆಯನ್ನು ವಹಿಸಲು ಬರುವುದಿಲ್ಲ. ಸೇವಾ ಸಂಸ್ಥೆಯು ಕಾರ್ಮಿಕರ ಗುತ್ತಿಗೆದಾರನಲ್ಲ. ಅದರೊಡನೆ ಕರಾರು ಮಾಡಿಕೊಂಡ ಮಾತ್ರಕ್ಕೆ ಅದು ಉದ್ಯೋಗದಾತನಾಗುವುದಿಲ್ಲ.

ಕಾರ್ಮಿಕರ ವೇತನದಿಂದ ಕಡಿತಗೊಳಿಸಿದ ಭವಿಷ್ಯ ನಿಧಿ ಅಥವಾ ಇಎಸ್‌ಐ ವಂತಿಗೆಯು ಉದ್ಯೋಗದಾತನ ಬಳಿ ನಂಬಿಕೆಯಿಂದ ಒಪ್ಪಿಸಲ್ಪಟ್ಟ ಹಣವೆಂದು ಭಾರತೀಯ ನ್ಯಾಯ ಸಂಹಿತೆ, 2023ರ ಕಲಂ 316ರ ವಿವರಣೆಗಳಲ್ಲಿ ಹೇಳಲಾಗಿದೆ. ಅದನ್ನು ಜಮೆ ಮಾಡದಿರುವುದು ಅಪರಾಧಿಕ ನಂಬಿಕೆ ದ್ರೋಹಕ್ಕೆ ಎಡೆಮಾಡುತ್ತದೆ. "ಹಣವನ್ನು ಸೇವಾ ಸಂಸ್ಥೆಗೆ ಕೊಟ್ಟಿದ್ದೆವು" ಎಂಬ ಸಮಜಾಯಿಷಿಯಿಂದ ಕಾರ್ಮಿಕನ ಖಾತೆ ತುಂಬುವುದಿಲ್ಲ. ಬಾಕಿ, ಬಡ್ಡಿ ಹಾಗೂ ನಷ್ಟ ಪರಿಹಾರವನ್ನು ಉದ್ಯೋಗದಾತರಿಂದಲೇ ವಸೂಲು ಮಾಡಲಾಗುತ್ತದೆ.

ಇದರಿಂದ ಕಾರ್ಮಿಕರಿಗೆ ಆಗುವ ಹಾನಿ ಇನ್ನೂ ಹೆಚ್ಚು. ಭವಿಷ್ಯ ನಿಧಿಯ ಸದಸ್ಯನು ಸೇವೆಯಲ್ಲಿರುವಾಗಲೇ ಮೃತಪಟ್ಟಲ್ಲಿ ಕುಟುಂಬಕ್ಕೆ ಪಿಂಚಣಿ ಹಾಗೂ ಗರಿಷ್ಠ 7 ಲಕ್ಷ ರೂ. ವರೆಗಿನ ವಿಮಾ ಮೊತ್ತ ದೊರೆಯಬೇಕು. ವಂತಿಗೆ ಜಮೆಯಾಗದಿದ್ದಲ್ಲಿ ಅಥವಾ ಹೆಸರು ಮತ್ತು ಜನ್ಮ ದಿನಾಂಕ ತಪ್ಪಾಗಿದ್ದಲ್ಲಿ ಆ ಕುಟುಂಬ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ.

3. ಸೇವಾ ಸಂಸ್ಥೆಗೆ ತಿಳಿದಿರಬೇಕಾದ ನಿಯಮಗಳು

ನಾಲ್ಕು ಕಾರ್ಮಿಕ ಸಂಹಿತೆಗಳು ದಿನಾಂಕ 21-11-2025ರಿಂದ ಜಾರಿಗೆ ಬಂದಿವೆ. ಹಳೆಯ ಕಾಯ್ದೆಗಳ ಆಧಾರದ ಮೇಲೆಯೇ ಲೆಕ್ಕ ಹಾಕುವ ಸಂಸ್ಥೆಯನ್ನು ಆಯ್ಕೆ ಮಾಡಬಾರದು. ಮುಖ್ಯ ಅಂಶಗಳು ಹೀಗಿವೆ:

ಅ) ಮಾಸಿಕ ವೇತನವನ್ನು ಮುಂದಿನ ತಿಂಗಳ 7ನೇ ದಿನದೊಳಗೆ ಪಾವತಿಸತಕ್ಕದ್ದು. ವಾರದ ಕೂಲಿಯನ್ನು ವಾರದ ರಜೆಗೆ ಮುಂಚಿನ ಕೆಲಸದ ದಿನವೇ ಕೊಡಬೇಕು. ಸಂತೆಯ ದಿನ ಬಟವಡೆ ಮಾಡುವ ರೂಢಿ ಇರುವಲ್ಲಿ ಆ ದಿನವು ರಜೆಯ ನಂತರ ಬರುತ್ತದೆಯೇ ಎಂಬುದನ್ನು ನೋಡಿಕೊಳ್ಳಬೇಕು. ಕೆಲಸ ಬಿಟ್ಟವರಿಗೆ ಅಥವಾ ಕೆಲಸದಿಂದ ತೆಗೆದವರಿಗೆ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಪಾವತಿಸಬೇಕು.

ಆ) ವೇತನದಿಂದ ಹೊರಗಿಡಲಾದ ಭತ್ಯೆಗಳು ಒಟ್ಟು ಸಂಭಾವನೆಯ ಶೇ. 50ನ್ನು ಮೀರಿದಲ್ಲಿ, ಮೀರಿದ ಭಾಗವನ್ನೂ ವೇತನವೆಂದೇ ಪರಿಗಣಿಸಬೇಕು.

ಇ) 20 ಅಥವಾ ಹೆಚ್ಚು ಜನ ಇರುವ ಸಂಸ್ಥೆಗೆ ಭವಿಷ್ಯ ನಿಧಿ ಅನ್ವಯಿಸುತ್ತದೆ. ಕಾರ್ಮಿಕರ ಮತ್ತು ಮಾಲೀಕರ ವಂತಿಗೆ ಸಾಮಾನ್ಯವಾಗಿ ತಲಾ ಶೇ. 12. ಪಾವತಿಗೆ ಕೊನೆಯ ದಿನ ಮುಂದಿನ ತಿಂಗಳ 15.

ಈ) 10 ಅಥವಾ ಹೆಚ್ಚು ಜನ ಇರುವ ಸಂಸ್ಥೆಗೆ ಇಎಸ್‌ಐ ಅನ್ವಯಿಸುತ್ತದೆ. 01-01-2017ರಿಂದ ವೇತನ ಮಿತಿ 21,000 ರೂ. ಇದ್ದು, 01-07-2019ರಿಂದ ಕಾರ್ಮಿಕರ ವಂತಿಗೆ ಶೇ. 0.75 ಮತ್ತು ಮಾಲೀಕರ ವಂತಿಗೆ ಶೇ. 3.25 ಆಗಿರುತ್ತದೆ. ಆದರೆ ಹತ್ತಿ ಜಿನ್ನಿಂಗ್ ಅಥವಾ ಶೇಂಗಾ ಸುಲಿಯುವ ಕೆಲಸವನ್ನು ಮಾತ್ರ ಮಾಡುವ ಹಂಗಾಮಿನ ಕಾರ್ಖಾನೆಗಳು ಇಎಸ್‌ಐ ವ್ಯಾಪ್ತಿಗೆ ಬರುವುದಿಲ್ಲ. ಈ ಭಾಗದಲ್ಲಿ ಇದು ಮುಖ್ಯವಾದ ವ್ಯತ್ಯಾಸವಾಗಿದ್ದು, ಇದನ್ನು ಅರಿಯದ ಸಂಸ್ಥೆಯು ತಪ್ಪು ಕಡಿತ ಮಾಡುವ ಸಂಭವವಿದೆ.

ಉ) ತಿಂಗಳಿಗೆ 25,000 ರೂ. ಮತ್ತು ಹೆಚ್ಚಿನ ವೇತನ ಪಡೆಯುವವರಿಗೆ ವೃತ್ತಿ ತೆರಿಗೆ 200 ರೂ.; 2025ರ ತಿದ್ದುಪಡಿಯಂತೆ ಫೆಬ್ರವರಿ ತಿಂಗಳಿಗೆ 300 ರೂ.

ಊ) ರಾಜ್ಯದ ಕನಿಷ್ಠ ವೇತನದ ತುಟ್ಟಿಭತ್ಯೆಯು ಪ್ರತಿ ವರ್ಷ ಏಪ್ರಿಲ್‌ನಿಂದ ಪರಿಷ್ಕರಣೆಯಾಗುತ್ತದೆ. ಅದನ್ನು ಸೇವಾ ಸಂಸ್ಥೆಯು ತಾನಾಗಿಯೇ ಅಳವಡಿಸುತ್ತದೆಯೇ ಎಂಬುದನ್ನು ಕೇಳಿ ತಿಳಿಯಬೇಕು.

4. ಒಂದು ಉದಾಹರಣೆ

ಇಎಸ್‌ಐ ಮತ್ತು ಭವಿಷ್ಯ ನಿಧಿ ಎರಡೂ ಅನ್ವಯಿಸುವ ಒಂದು ಬೇಳೆ ಗಿರಣಿಯಲ್ಲಿ 22 ಕಾರ್ಮಿಕರಿದ್ದು, ಪ್ರತಿಯೊಬ್ಬರ ವೇತನ 14,000 ರೂ. ಎಂದು ಭಾವಿಸಲಾಗಿದೆ. (ಈ ಮೊತ್ತವು ಲೆಕ್ಕ ತೋರಿಸಲು ಮಾತ್ರ. ಕನಿಷ್ಠ ವೇತನವನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು.)

ಒಬ್ಬ ಕಾರ್ಮಿಕನಿಂದ ಕಡಿತ: ಭವಿಷ್ಯ ನಿಧಿ 1,680 ರೂ., ಇಎಸ್‌ಐ 105 ರೂ., ಒಟ್ಟು 1,785 ರೂ. ಕೈಗೆ ಸಿಗುವ ವೇತನ 12,215 ರೂ.

ಒಬ್ಬ ಕಾರ್ಮಿಕನಿಗಾಗಿ ಮಾಲೀಕರ ಪಾಲು: ಭವಿಷ್ಯ ನಿಧಿ ಮತ್ತು ಪಿಂಚಣಿ 1,680 ರೂ., ವಿಮೆ 70 ರೂ., ಆಡಳಿತ ಶುಲ್ಕ 70 ರೂ., ಇಎಸ್‌ಐ 455 ರೂ., ಒಟ್ಟು 2,275 ರೂ.

22 ಜನರಿಗೆ ತಿಂಗಳಿಗೆ ಜಮೆಯಾಗಬೇಕಾದ ಮೊತ್ತ 89,320 ರೂ. ಇದರಲ್ಲಿ 39,270 ರೂ. ಕಾರ್ಮಿಕರದೇ ಹಣ. ಮೂರು ತಿಂಗಳು ಜಮೆ ತಪ್ಪಿದರೆ ಬಾಕಿಯು 2,67,960 ರೂ. ಆಗುತ್ತದೆ. ಆದ್ದರಿಂದ ಸೇವಾ ಶುಲ್ಕದಲ್ಲಿ ಉಳಿಯುವ ಕೆಲವು ನೂರು ರೂಪಾಯಿಗಳಿಗಿಂತ ಜಮೆಯ ಖಾತ್ರಿ ಮುಖ್ಯ.

5. ಆಯ್ಕೆ ಮಾಡುವಾಗ ಪರಿಶೀಲಿಸಬೇಕಾದ ಅಂಶಗಳು

ಅ) ಹಣದ ದಾರಿ: ವಂತಿಗೆಯ ಹಣವನ್ನು ಸೇವಾ ಸಂಸ್ಥೆಯ ಖಾತೆಗೆ ವರ್ಗಾಯಿಸದೆ, ಸಂಸ್ಥೆಯು ಚಲನ್ ಮಾತ್ರ ಸಿದ್ಧಪಡಿಸಿ, ಪಾವತಿಯನ್ನು ಉದ್ಯೋಗದಾತರೇ ತಮ್ಮ ಬ್ಯಾಂಕ್ ಖಾತೆಯಿಂದ ಮಾಡುವುದು ಸುರಕ್ಷಿತ.

ಆ) ಲಾಗಿನ್ ಮತ್ತು ಮೊಬೈಲ್ ಸಂಖ್ಯೆ: ಭವಿಷ್ಯ ನಿಧಿ ಹಾಗೂ ಇಎಸ್‌ಐ ಜಾಲತಾಣಗಳಲ್ಲಿ ಉದ್ಯೋಗದಾತರ ಮೊಬೈಲ್ ಸಂಖ್ಯೆ ಮತ್ತು ಇ-ಮೇಲ್ ನೋಂದಣಿಯಾಗಿರಬೇಕು. ಸೇವಾ ಸಂಸ್ಥೆಯ ಸಂಖ್ಯೆ ನೋಂದಾಯಿಸಿದಲ್ಲಿ, ಮುಂದೆ ಸಂಸ್ಥೆಯನ್ನು ಬದಲಾಯಿಸುವುದು ಕಷ್ಟವಾಗುತ್ತದೆ. ಡಿಜಿಟಲ್ ಸಹಿಯ ಸಾಧನವನ್ನು ಬೇರೆಯವರ ಬಳಿ ಬಿಡಬಾರದು.

ಇ) ಹಂಗಾಮಿನ ಕೆಲಸ: ಹಂಗಾಮಿನಲ್ಲಿ ಕಾರ್ಮಿಕರ ಸಂಖ್ಯೆ ಹೆಚ್ಚಿ ನಂತರ ಇಳಿಯುವ ಘಟಕಗಳಲ್ಲಿ, ಸೇರ್ಪಡೆ ಮತ್ತು ಬಿಡುಗಡೆಯ ದಿನಾಂಕಗಳನ್ನು ಆಗಿಂದಾಗ್ಗೆ ದಾಖಲಿಸುವ ವ್ಯವಸ್ಥೆ ಇರಬೇಕು. ಕೈಮಗ್ಗ ಘಟಕಗಳಿಗೆ ತುಂಡು ಲೆಕ್ಕದ ಕೂಲಿ ಬರೆಯುವ ಅನುಕೂಲ ಅಗತ್ಯ.

ಈ) ಶುಲ್ಕ: ಶುಲ್ಕವು ತಲಾವಾರು ಇದೆಯೇ ಅಥವಾ ತಿಂಗಳಿಗೆ ಇಂತಿಷ್ಟು ಎಂದಿದೆಯೇ, ಶೇ. 18ರ ಜಿಎಸ್‌ಟಿ ಸೇರಿದೆಯೇ, ವಿವರ ತಿದ್ದುಪಡಿಗೆ ಪ್ರತ್ಯೇಕ ಶುಲ್ಕವಿದೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು.

ಉ) ಕರಾರು ಪತ್ರ: ವಿಳಂಬ ಅಥವಾ ತಪ್ಪಿನಿಂದ ಬರುವ ಬಡ್ಡಿ ಹಾಗೂ ದಂಡವನ್ನು ಸೇವಾ ಸಂಸ್ಥೆಯು ಭರಿಸಿಕೊಡುವ ಷರತ್ತು, ಕಾರ್ಮಿಕರ ಆಧಾರ್ ಮತ್ತು ಬ್ಯಾಂಕ್ ವಿವರಗಳ ಗೋಪ್ಯತೆ, ಕರಾರು ಮುಗಿದಾಗ ಎಲ್ಲ ದಾಖಲೆಗಳನ್ನು ಹಿಂದಿರುಗಿಸುವ ಅವಧಿ ಇವು ನಮೂದಾಗಿರಬೇಕು.

ಊ) ಭಾಷೆ: ವೇತನ ಚೀಟಿಯನ್ನು ಕಾರ್ಮಿಕರು ಓದಿ ತಿಳಿಯುವಂತೆ ಕನ್ನಡದಲ್ಲಿ ಕೊಡಲು ಸಾಧ್ಯವಿರುವ ಸಂಸ್ಥೆಗೆ ಆದ್ಯತೆ ನೀಡುವುದು ಉಚಿತ.

6. ಪ್ರತಿ ತಿಂಗಳ ಪರಿಶೀಲನೆ

ಪ್ರತಿ ತಿಂಗಳ 15ರ ನಂತರ ಉದ್ಯೋಗದಾತರು ಪಾವತಿಯಾದ ಚಲನ್‌ಗಳನ್ನು ಹಾಜರಿ ಪುಸ್ತಕ ಹಾಗೂ ವೇತನ ಪಟ್ಟಿಯೊಂದಿಗೆ ತಾಳೆ ನೋಡಬೇಕು. ಚಲನ್ ಸಿದ್ಧವಾಗಿರುವುದು ಬೇರೆ, ಹಣ ಪಾವತಿಯಾಗಿರುವುದು ಬೇರೆ. ಭವಿಷ್ಯ ನಿಧಿ ಸಂಘಟನೆಯ ಜಾಲತಾಣದಲ್ಲಿ ಸಂಸ್ಥೆಯ ಹೆಸರು ಹುಡುಕಿ, ಯಾವ ತಿಂಗಳಿಗೆ ಎಷ್ಟು ಜನರ ವಂತಿಗೆ ಪಾವತಿಯಾಗಿದೆ ಎಂಬುದನ್ನು ಯಾರು ಬೇಕಾದರೂ ನೋಡಬಹುದು.

ಕಾರ್ಮಿಕರು ತಮ್ಮ ನೋಂದಾಯಿತ ಮೊಬೈಲ್‌ನಿಂದ 9966044425 ಸಂಖ್ಯೆಗೆ ಮಿಸ್ಡ್ ಕಾಲ್ ಕೊಟ್ಟು ಖಾತೆಯ ವಿವರ ಪಡೆಯಬಹುದು. ಇದಕ್ಕೆ ಸಾರ್ವತ್ರಿಕ ಖಾತೆ ಸಂಖ್ಯೆ (ಯುಎಎನ್) ಸಕ್ರಿಯವಾಗಿರಬೇಕು. ಈ ಸೌಲಭ್ಯವನ್ನು ಕಾರ್ಮಿಕರಿಗೆ ತಿಳಿಸಿಕೊಡುವುದು ಉದ್ಯೋಗದಾತರಿಗೂ ಒಳ್ಳೆಯದು. ತಪ್ಪಿದ್ದಲ್ಲಿ ಒಂದೆರಡು ತಿಂಗಳಲ್ಲೇ ತಿಳಿಯುತ್ತದೆ.

7. ವಿಶೇಷ ಸೂಚನೆ

ರೋಣ ತಾಲ್ಲೂಕಿನಿಂದ ಬೇರ್ಪಟ್ಟು ಗಜೇಂದ್ರಗಡ ತಾಲ್ಲೂಕು ರಚನೆಯಾಗಿರುವುದರಿಂದ, ಹಳೆಯ ನೋಂದಣಿ ಪತ್ರಗಳಲ್ಲಿ ರೋಣ ತಾಲ್ಲೂಕು ಎಂದಿದ್ದಲ್ಲಿ, ಸೇವಾ ಸಂಸ್ಥೆಗೆ ದಾಖಲೆ ಒಪ್ಪಿಸುವ ಮುನ್ನ ವಿಳಾಸವು ಎಲ್ಲ ಪತ್ರಗಳಲ್ಲೂ ಒಂದೇ ರೀತಿ ಇರುವಂತೆ ನೋಡಿಕೊಳ್ಳುವುದು.

ದರಗಳು ಹಾಗೂ ಮಿತಿಗಳು ಕಾಲಕಾಲಕ್ಕೆ ಬದಲಾವಣೆಗೆ ಒಳಪಟ್ಟಿರುತ್ತವೆ. ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ಇದ್ದು, ಸಂದೇಹವಿದ್ದಲ್ಲಿ ಸಂಬಂಧಪಟ್ಟ ಕಾರ್ಮಿಕ ನಿರೀಕ್ಷಕರನ್ನು, ಭವಿಷ್ಯ ನಿಧಿಯ ವಿಷಯದಲ್ಲಿ ಹುಬ್ಬಳ್ಳಿಯ ಪ್ರಾದೇಶಿಕ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.